‘ಮಾ’ ಅಂದರೆ ಅಮ್ಮನೋ, ಕುದುರೆಯೋ, ‘ಬೇಡ’ವೋ?

ಪ್ರಶ್ನೆ: ಮಗಳು ಚೀನೀ ಭಾಷೆಯ ತರಗತಿಗೆ ಸೇರಿದ್ದಾಳೆ. ಅಲ್ಲಿ ‘ಮಾ’ ಅಂದರೆ ತಾಯಿಯೂ ಹೌದಂತೆ, ಕುದುರೆಯೂ ಹೌದಂತೆ, ಬೈಯುವುದೂ ಹೌದಂತೆ. ಹಿಂದಿಯಲ್ಲಿ ‘ಮಾ’ ಅಂದರೆ ಅಮ್ಮ. ಕೊರಿಯನ್ ಧಾರಾವಾಹಿಗಳಲ್ಲಿ ಮಕ್ಕಳು ನಮ್ಮ ಹಾಗೇ ‘ಅಪ್ಪಾ’, ‘ಅಮ್ಮಾ’ ಅನ್ನುತ್ತಾರೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ‘ಇದು ಸಂಸ್ಕೃತದಿಂದ ಜಗತ್ತಿಗೆಲ್ಲ ಹೋದ ಪದ’ ಎಂದರೆ ಇನ್ನೊಬ್ಬರು ‘ಅಲ್ಲ, ದ್ರಾವಿಡದ್ದು’ ಎಂದು ಜಗಳಕ್ಕೆ ನಿಂತಿದ್ದಾರೆ. ಯಾರ ಮಾತು ಸರಿ? ಒಂದಕ್ಷರಕ್ಕೆ ಇಷ್ಟೊಂದು ಅರ್ಥ ಹೇಗೆ ಬಂತು? ಇಂಥವನ್ನು ನಾವೇ ಪರೀಕ್ಷಿಸಿ ನೋಡಬಹುದೆ? ಮಗಳು ಈ ಪದಗಳನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ಹೇಗೆ?

ಉತ್ತರ: ಇಬ್ಬರ ಮಾತೂ ನಿಲ್ಲುವುದಿಲ್ಲ. ಮುಚ್ಚಿದ ತುಟಿ ತೆರೆದು ಬಾಯಿ ಬಿಟ್ಟರೆ ಹೊರಡುವ ಸದ್ದು ‘ಮಾ’. ಇಷ್ಟು ಸಲೀಸಾದ ಸದ್ದನ್ನು ಭಾಷೆಗಳು ಸುಮ್ಮನೆ ಬಿಡುವುದಿಲ್ಲ. ಒಂದೊಂದೂ ತನಗೆ ಬೇಕಾದ ಕೆಲಸಕ್ಕೆ ಹಚ್ಚಿಕೊಂಡಿದೆ. ಹಾಗಾಗಿ ‘ಮಾ ಎಲ್ಲಿಂದ ಬಂತು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಈ ಭಾಷೆಯ ಈ ‘ಮಾ’ ಎಲ್ಲಿಂದ ಬಂತು ಎಂದು ಒಂದೊಂದನ್ನೇ ಹಿಡಿದು ಕೇಳಬೇಕು. ಹಾಗೆ ಕೇಳುತ್ತ ಹೋದರೆ ನಂಟು ಇದ್ದೇ ಇದೆ ಎಂದುಕೊಂಡ ಕಡೆ ಇರುವುದಿಲ್ಲ, ಯಾರೂ ನೆನೆಯದ ಕಡೆ ಇರುತ್ತದೆ.

ಚೀನಾಕ್ಕೆ ಹೋಗುವ ಮೊದಲು ಮನೆಯೊಳಗೇ ನೋಡಿ. ಮಾಮರ, ಮಾದೇವ, ಮಾಧವ, ಮಾತ್ರೆ. ನಾಲ್ಕೂ ‘ಮಾ’ದಿಂದಲೇ ಶುರು, ಆದರೆ ಒಂದರ ‘ಮಾ’ಕ್ಕೂ ಇನ್ನೊಂದರ ‘ಮಾ’ಕ್ಕೂ ಸಂಬಂಧವಿಲ್ಲ. ಮಾಮರದ್ದು ಮಾವು, ಅಚ್ಚ ದ್ರಾವಿಡ ಪದ. ಮಾದೇವನದು ಸವೆದುಹೋದ ‘ಮಹಾ’. ಮಹಾಲಿಂಗ ಮಾಲಿಂಗನಾದ, ಮಹಾನವಮಿ ಮಾರ್ನೋಮಿಯಾಯಿತು, ಮಹಾಸತಿಯ ಕಲ್ಲು ಮಾಸ್ತಿಕಲ್ಲಾಯಿತು. ಕರಾವಳಿ, ಮಲೆನಾಡಿನಲ್ಲಿ ಮಾತಿಗೊಮ್ಮೆ ಬರುವ ‘ಮಾರಾಯ’ ಕೂಡ ಒಂದು ಕಾಲದ ಮಹಾರಾಯನೇ. ಮಾಧವನನ್ನು ‘ಮಾ’ ಎಂದರೆ ಲಕ್ಷ್ಮಿ, ‘ಧವ’ ಎಂದರೆ ಗಂಡ ಎಂದು ಬಿಡಿಸುವುದು ರೂಢಿ (ಮಧುವಿನ ವಂಶದವನು ಎಂಬ ಇನ್ನೊಂದು ಬಿಡಿಕೆಯೂ ಇದೆ). ಮಾತ್ರೆಯಲ್ಲಿರುವುದು ‘ಅಳೆ’ ಎಂಬ ಅರ್ಥದ ಸಂಸ್ಕೃತ ಧಾತು. ಪ್ರಮಾಣ, ಅನುಮಾನ, ಉಪಮೆಗಳ ಒಳಗಿರುವುದೂ ಅದೇ. ಛಂದಸ್ಸಿನ ಮಾತ್ರೆ ಅಂದರೆ ಅಳತೆ, ಔಷಧಿಯಂಗಡಿಯ ಮಾತ್ರೆಯೂ ಮೂಲದಲ್ಲಿ ಅಳೆದು ಕೊಟ್ಟ ಮದ್ದು.

ಪಕ್ಕದ ಮನೆಗೆ ಕಾಲಿಟ್ಟರೆ ಎಡವುವುದು ಇನ್ನೂ ಸುಲಭ. ಚೆನ್ನೈನ ಅಂಗಡಿಯಲ್ಲಿ ‘ಇಡ್ಲಿ ಮಾವು’ ಎಂದು ಬರೆದ ಪೊಟ್ಟಣ ಕಂಡರೆ ಮಾವಿನ ಇಡ್ಲಿ ಎಂದುಕೊಳ್ಳಬೇಡಿ. ತಮಿಳಿನಲ್ಲಿ ಹಿಟ್ಟಿಗೆ ‘ಮಾವು’. ಅದೇ ತಮಿಳಿನಲ್ಲಿ ‘ಮಾ’ ಎಂದರೆ ಮಾವಿನ ಮರ, ಹಳೆಯ ಕಾವ್ಯದಲ್ಲಿ ಪ್ರಾಣಿ, ಮತ್ತೆ ‘ದೊಡ್ಡ’ ಎಂದೂ ಅರ್ಥ. ಹಳೆಯ ಲೆಕ್ಕದಲ್ಲಿ ‘ಮಾ’ ಎಂದರೆ 20ರಲ್ಲಿ 1 ಪಾಲು. ಮಲಯಾಳದಲ್ಲಿ ಮಾವಿನ ಮರಕ್ಕೂ ಹಿಟ್ಟಿಗೂ ಒಂದೇ ಸದ್ದು. ಯಾವುದು ಎಂದು ತಿಳಿಯುವುದು ಮುಂದಿನ ಮಾತಿನಿಂದಲೇ.

ಸಂಸ್ಕೃತದಲ್ಲಿ ‘ಬೇಡ’ ಎನ್ನುವುದಕ್ಕೂ ‘ಮಾ’. ಪಾರ್ವತಿ ತಪಸ್ಸಿಗೆ ಹೊರಟಾಗ ತಾಯಿ ‘ಉ ಮಾ’, ಅಂದರೆ ‘ಅಯ್ಯೋ, ಬೇಡವೇ’ ಎಂದು ತಡೆದಳು, ಆಮೇಲೆ ಅವಳಿಗೆ ಅದೇ ಹೆಸರಾಯಿತು ಎಂದು ಕಾಳಿದಾಸ ಕುಮಾರಸಂಭವದ ಮೊದಲ ಸರ್ಗದಲ್ಲಿ ಹೇಳುತ್ತಾನೆ. ಅದು ಕವಿಯ ವ್ಯುತ್ಪತ್ತಿ. ಭಾಷಾಶಾಸ್ತ್ರವೆಂದು ಹಿಡಿಯಬೇಕಿಲ್ಲ, ಸೊಗಸಿಗೆ ಮಾತ್ರ ಕುಂದಿಲ್ಲ. ಇದಕ್ಕಿಂತ ಬೆರಗಿನದು ರಾಮಾಯಣದ ‘ಮಾ ನಿಷಾದ’. ಮೇಲುನೋಟಕ್ಕೆ ಅದು ಶಾಪ: ‘ಎಲೈ ಬೇಡನೇ, ನಿನಗೆ ಎಂದೆಂದಿಗೂ ನೆಲೆ ದೊರೆಯದಿರಲಿ.’ ‘ದೊರೆಯದಿರಲಿ’ ಎಂಬ ನಿಷೇಧ ಪೂರ್ತಿ ಆ ಒಂದಕ್ಷರದ ಮೇಲೆ ನಿಂತಿದೆ. ವ್ಯಾಖ್ಯಾನಕಾರರು ಅದನ್ನು ಲಕ್ಷ್ಮಿ ಎಂದು ತೆಗೆದುಕೊಂಡು, ‘ಮಾನಿಷಾದ’ ಎಂದು ಒಂದೇ ಪದ ಮಾಡಿ, ‘ಲಕ್ಷ್ಮಿಗೆ ನೆಲೆಯಾದವನೇ’ ಎಂದು ಅರ್ಥ ಹೇಳಿದರು. ‘ಬೇಡ’ ಎಂಬ ಮಾತು ಕಳಚಿಬಿದ್ದು ಶಾಪವೇ ವಿಷ್ಣುವಿನ ಮಂಗಳವಾಯಿತು. ಒಂದು ಭಾಷೆ, ಒಂದು ಶ್ಲೋಕ, ಒಂದು ಅಕ್ಷರ; ಪದವನ್ನು ಎಲ್ಲಿ ಬಿಡಿಸುತ್ತೀರಿ ಎಂಬುದಷ್ಟೇ ವ್ಯತ್ಯಾಸ.

ಇಷ್ಟೊಂದು ಪದಗಳು ಬಂದು ಒಂದೇ ಸದ್ದಿನಲ್ಲಿ ಕೂಡಿಕೊಳ್ಳಲು ಮುಖ್ಯ ಕಾರಣ ಸವೆತ. ಹೆಚ್ಚು ಬಳಸುವ ಪದ ಹೆಚ್ಚು ಸವೆಯುತ್ತದೆ. ‘ಮಾಡುತ್ತಾ ಇದ್ದೇನೆ’ ಎಂಬುದು ‘ಮಾಡ್ತಿದೀನಿ’ ಆದ ಹಾಗೆ. ಇದನ್ನು ಯುರೋಪಿನಲ್ಲಿ ಬಹಳ ಚೆನ್ನಾಗಿ ನೋಡಬಹುದು. ಇಟಾಲಿಯನ್‌ನಲ್ಲಿ ‘ಮಾ’ ಎಂದರೆ ‘ಆದರೆ’. ಫ್ರೆಂಚಿನಲ್ಲಿ ‘ಮಾ’ ಎಂದರೆ ‘ನನ್ನ’, ಅದೂ ಸ್ತ್ರೀಲಿಂಗದ ನಾಮಪದದ ಮುಂದೆ ಮಾತ್ರ. ಪೋರ್ಚುಗೀಸಿನಲ್ಲಿ ‘ಮಾ’ ಎಂದರೆ ‘ಕೆಟ್ಟ’, ಅದೂ ಸ್ತ್ರೀಲಿಂಗ ರೂಪ. ಮೂರೂ ಲ್ಯಾಟಿನ್ನಿನ ಮಕ್ಕಳು. ಒಂದೇ ತಾಯಿಯ ಮೂವರ ಬಾಯಲ್ಲಿ ಒಂದೇ ಸದ್ದು ಇದ್ದರೆ ಮೂಲವೂ ಒಂದೇ ಇರಬೇಕಲ್ಲ ಎನ್ನಿಸುತ್ತದೆ. ಇಲ್ಲ. ಇಟಾಲಿಯನ್ನಿನದು ‘ಹೆಚ್ಚು’ ಎಂಬರ್ಥದ ‘ಮಾಗಿಸ್’, ಫ್ರೆಂಚಿನದು ‘ಮೇಆ’, ಪೋರ್ಚುಗೀಸಿನದು ‘ಮಾಲಾ’. ಮೂರು ಬೇರೆ ಬೇರೆ ಕಲ್ಲುಗಳು ಹೊಳೆಯಲ್ಲಿ ಉರುಳಿ ಉರುಳಿ ಒಂದೇ ಆಕಾರದ ಗುಂಡುಕಲ್ಲುಗಳಾದವು. ಒಡಹುಟ್ಟಿದ ಭಾಷೆಗಳಲ್ಲೇ ಹೀಗಾದರೆ, ನಂಟೇ ಇಲ್ಲದ ಭಾಷೆಗಳ ನಡುವೆ ಸದ್ದಿನ ಹೋಲಿಕೆಗೆ ಎಷ್ಟು ಬೆಲೆ ಕೊಡಬೇಕು ನೀವೇ ಹೇಳಿ.

ಪೋಲಿಷ್ ಭಾಷೆಯಲ್ಲಿ ‘ಮಾ’ ಎಂದರೆ ‘(ಅವನಿಗೆ, ಅವಳಿಗೆ) ಇದೆ’. ಅಲ್ಲಿನ ಮಕ್ಕಳ ಮೊದಲ ಪಾಠವೆಂದು ಹೆಸರಾದ ವಾಕ್ಯ ‘ಆಲಾ ಮಾ ಕೋತಾ’. ನಮ್ಮ ಕಿವಿಗೆ ಕೋತಿ ಕೇಳಿಸಿದರೂ ಆಲಾಳ ಹತ್ತಿರ ಇರುವುದು ಬೆಕ್ಕು. ಹಂಗೇರಿಯನ್‌ನಲ್ಲಿ ‘ಇವತ್ತು’ ಎನ್ನುವುದನ್ನು ‘ಮಾ’ ಎಂದು ಪಟ್ಟಿಗಳಲ್ಲಿ ಬರೆಯುತ್ತಾರೆ. ಆದರೆ ಅಲ್ಲಿನ ಸ್ವರ ಗಿಡ್ಡ, ತುಟಿ ದುಂಡಗಾಗುತ್ತದೆ. ಕನ್ನಡದ ಕಿವಿಗೆ ‘ಮೊ’ ಎಂದೇ ಕೇಳುತ್ತದೆ. ಜಪಾನೀಯರ ‘ಮ’ ಎಂದರೆ ಎರಡರ ನಡುವಿನ ತೆರಪು. ಕೋಣೆಗೂ ಅದೇ ಪದ, ಸಂಗೀತದಲ್ಲಿ, ನಾಟಕದಲ್ಲಿ ಬೇಕೆಂದೇ ಬಿಡುವ ಮೌನಕ್ಕೂ ಅದೇ. ಫಿನ್ನಿಷ್‌ನಲ್ಲಿ ದೀರ್ಘ ‘ಮಾ’ ನೆಲ, ನಾಡು. ಅದರ ತಂಗಿ ಎಸ್ಟೋನಿಯನ್‌ನಲ್ಲಿ ದೀರ್ಘ ‘ಮಾ’ ನೆಲವಾದರೆ ಹ್ರಸ್ವ ‘ಮ’ ಎಂದರೆ ‘ನಾನು’. ‘ಮರ’ಕ್ಕೂ ‘ಮಾರ’ನಿಗೂ ಇರುವ ಅಂತರ ಗೊತ್ತಿರುವ ನಮಗೆ ಇದನ್ನು ವಿವರಿಸಬೇಕಿಲ್ಲ. ಆದರೆ ವಾಟ್ಸಾಪಿನಲ್ಲಿ ಓಡಾಡುವ ಪಟ್ಟಿಗಳು ಇಂಗ್ಲಿಷ್ ಅಕ್ಷರದಲ್ಲಿರುವುದರಿಂದ ಹ್ರಸ್ವ, ದೀರ್ಘ, ದುಂಡು ಸ್ವರ ಎಲ್ಲವೂ ಒಂದೇ ಗುಡ್ಡೆಯಲ್ಲಿ ಬಿದ್ದಿರುತ್ತವೆ. ಅರ್ಧ ‘ಹೋಲಿಕೆ’ ಹುಟ್ಟುವುದು ಅಲ್ಲಿಯೇ.

ಈಗ ನಿಮ್ಮ ಮಗಳ ಚೀನೀ ಪಾಠ. ಅಲ್ಲಿ ‘ಮಾ’ ಒಂದೇ ಪದ, ಅರ್ಥ ನಾಲ್ಕು ಎಂದು ಹೇಳುವುದೇ ತಪ್ಪು. ನಮಗೆ ‘ಕಲಿ’, ‘ಕಳಿ’ ಹೇಗೆ ಎರಡು ಪದವೋ ಹಾಗೆ ಅವರಿಗೆ ಏರುದನಿಯ ‘ಮಾ’, ಇಳಿದನಿಯ ‘ಮಾ’ ಬೇರೆ ಬೇರೆ ಪದ. ದನಿಯ ಎತ್ತರವನ್ನು 1ರಿಂದ 5ರವರೆಗೆ ಅಳೆಯುವ ಪದ್ಧತಿಯನ್ನು ಯುಅನ್ ರೆನ್ ಚಾವೊ ಎಂಬ ಭಾಷಾವಿಜ್ಞಾನಿ 1930ರಲ್ಲಿ ಕೊಟ್ಟರು. 1 ತೀರ ಕೆಳಗು, 5 ತೀರ ಮೇಲು. ತಾಯಿ ಎಂಬ ‘ಮಾ’ 5ರಲ್ಲಿ ಶುರುವಾಗಿ 5ರಲ್ಲೇ ನಿಲ್ಲುತ್ತದೆ. ಶ್ರುತಿ ಪೆಟ್ಟಿಗೆಯ ಹಾಗೆ ಸಮ. ನಾರಿನ ಗಿಡದ ‘ಮಾ’ 3ರಿಂದ 5ಕ್ಕೆ ಏರುತ್ತದೆ; ನಾವು ಆಶ್ಚರ್ಯದಿಂದ ‘ಹೌದಾ?’ ಎನ್ನುವಾಗಿನ ‘ದಾ’ ಹಾಗೆ. ಕುದುರೆ 2ರಿಂದ 1ಕ್ಕೆ ಇಳಿದು 4ಕ್ಕೆ ಏರುತ್ತದೆ. ಬೈಯುವ ‘ಮಾ’ 5ರಿಂದ 1ಕ್ಕೆ ಧೊಪ್ಪನೆ ಬೀಳುತ್ತದೆ, ಗದರುವಾಗ ‘ಸಾಕು!’ ಎಂದಂತೆ. ಇವುಗಳ ಜೊತೆಗೆ ವಾಕ್ಯದ ಕೊನೆಗೆ ಅಂಟುವ, ತನ್ನದೇ ದನಿಯಿಲ್ಲದ, ಗಿಡ್ಡ ‘ಮ’ ಒಂದಿದೆ. ಅದು ಪ್ರಶ್ನೆಯ ಗುರುತು. ‘ಮಾಮ ಮಾ ಮಾ ಮ?’ ಎಂದು ಸರಿಯಾದ ದನಿಗಳಲ್ಲಿ ಹೇಳಿದರೆ ‘ಅಮ್ಮ ಕುದುರೆಗೆ ಬೈಯುತ್ತಾಳಾ?’ ಎಂಬ ಪೂರ್ತಿ ವಾಕ್ಯವಾಗುತ್ತದೆ.

ಕನ್ನಡಿಗರು ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಕುದುರೆ. ಪುಸ್ತಕದಲ್ಲಿ ಇಳಿದು ಏರುವ ಗೆರೆ ಬರೆದಿರುತ್ತದೆಂದು ಪ್ರತಿ ಸಲವೂ ಇಳಿಸಿ ಏರಿಸಿದರೆ ಮಾತು ಉಯ್ಯಾಲೆಯಾಗುತ್ತದೆ. ನಡುವಾಕ್ಯದಲ್ಲಿ ಬಂದಾಗ ಅದನ್ನು ತಗ್ಗಿನಲ್ಲೇ ಬಿಟ್ಟುಬಿಡಬೇಕು. ಏರುವ ಭಾಗ ಕೇಳಿಸುವುದು ಬಿಡಿಯಾಗಿ ಅಥವಾ ಕೊನೆಯಲ್ಲಿ ಹೇಳಿದಾಗ. ಇಂಥವು ಎರಡು ಒಟ್ಟಿಗೆ ಬಂದರೆ ಮೊದಲನೆಯದು ಏರುದನಿಗೆ ತಿರುಗುತ್ತದೆ. ಎಲ್ಲರಿಗೂ ಗೊತ್ತಿರುವ ‘ನೀ ಹಾವ್’ ಅದಕ್ಕೆ ಉದಾಹರಣೆ. ಎರಡನೆಯ ತಪ್ಪು ಇನ್ನೂ ಸಾಮಾನ್ಯ. ಪ್ರಶ್ನೆ ಕೇಳುವಾಗ ಕೊನೆಯ ಪದದ ದನಿ ಎತ್ತುವುದು ನಮಗೆ ಉಸಿರಾಟದಷ್ಟೇ ಅಭ್ಯಾಸ. ಚೀನೀಯಲ್ಲಿ ಹಾಗೆ ಎತ್ತಿದರೆ ಪ್ರಶ್ನೆಯಾಗುವ ಮೊದಲು ಪದವೇ ಬದಲಾಗುತ್ತದೆ. ಪ್ರಶ್ನೆಯ ಕೆಲಸವನ್ನು ಕೊನೆಯ ‘ಮ’ಕ್ಕೆ ಬಿಟ್ಟು ಉಳಿದ ಪದಗಳನ್ನು ಅವುಗಳ ಪಾಡಿಗೆ ಬಿಡಬೇಕು. ಥಾಯ್ ಭಾಷೆಯಲ್ಲಿ ಇದೇ ತಪ್ಪು ಸ್ವಲ್ಪ ದುಬಾರಿ. ಅಲ್ಲಿ ಸಮದನಿಯ ‘ಮಾ’ ಎಂದರೆ ಬಾ, ಬರು. ಮೇಲುದನಿಯದು ಕುದುರೆ. ಕೆಳಗಿನಿಂದ ಏರುವ ‘ಮಾ’ ನಾಯಿ. ‘ಬರ್ತೀಯಾ?’ ಎಂದು ಕೇಳಲು ಕನ್ನಡದ ರಾಗದಲ್ಲಿ ‘ಮಾ?’ ಎಂದರೆ ಎದುರಿಗಿದ್ದವರನ್ನು ‘ನಾಯಿ’ ಎಂದಂತೆ. ‘ಮಾ ಮೈ’ ಎಂದು ಮೊದಲ ಪದವನ್ನು ಚಪ್ಪಟೆಯಾಗಿ ಹೇಳಿ ಪ್ರಶ್ನೆಯ ‘ಮೈ’ ಸೇರಿಸುವುದು ಸರಿಯಾದ ರೀತಿ.

ವಿಯೆಟ್ನಾಮಿನಲ್ಲಿ ದನಿ ಆರು, ಹಾಗಾಗಿ ‘ಮಾ’ಗಳೂ ಆರು: ದೆವ್ವ, ‘ಆದರೆ’, ಅಮ್ಮ (ಇದು ದಕ್ಷಿಣದವರ ಮಾತು, ಉತ್ತರದಲ್ಲಿ ಅದೇ ದನಿಯದು ಕೆನ್ನೆ), ಗೋರಿ, ಕುದುರೆ, ಮತ್ತೆ ಸಸಿಮಡಿಯಿಂದ ಕೀಳುವ ಭತ್ತದ ಸಸಿ, ನಮ್ಮ ಮಲೆನಾಡಿನವರು ‘ಅಗೆ’ ಎನ್ನುವುದು. ಕುದುರೆಯ ‘ಮಾ’ ಸಮಾಸಗಳಲ್ಲಿ ಮಾತ್ರ. ಬಿಡಿಯಾಗಿ ಕುದುರೆಗೆ ಬೇರೆ ಪದವಿದೆ.

ಚೀನೀ ಬರವಣಿಗೆಯಲ್ಲಿ ಒಂದು ಚಂದವಿದೆ, ಮಗಳಿಗೆ ತೋರಿಸಿ. ತಾಯಿ ಎಂಬ ಅಕ್ಷರವನ್ನು ಬಿಡಿಸಿದರೆ ಎಡಗಡೆ ‘ಹೆಣ್ಣು’, ಬಲಗಡೆ ‘ಕುದುರೆ’. ತಾಯಿಗೂ ಕುದುರೆಗೂ ಏನು ಸಂಬಂಧ ಎಂದು ಕಥೆ ಕಟ್ಟಬೇಕಿಲ್ಲ. ಕುದುರೆ ಅಲ್ಲಿ ನಿಂತಿರುವುದು ಸದ್ದಿಗಾಗಿ: ‘ಹೆಣ್ಣಿಗೆ ಸಂಬಂಧಪಟ್ಟದ್ದು, ಮಾ ಎಂದು ಓದು’ ಎಂಬ ಸೂಚನೆ. ಪ್ರಶ್ನೆಯ ‘ಮ’ ಬರೆಯಲು ‘ಬಾಯಿ’ಯ ಪಕ್ಕ ಅದೇ ಕುದುರೆ. ಬೈಯುವ ‘ಮಾ’ದಲ್ಲಿ ಕುದುರೆಯ ತಲೆಯ ಮೇಲೆ ಎರಡು ಬಾಯಿ, ಬೈಗುಳಕ್ಕೆ ಒಂದು ಬಾಯಿ ಸಾಲದು ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ನಾರುಗಿಡದ ‘ಮಾ’ಕ್ಕೆ ‘ಜೋಮು’ ಎಂಬ ಅರ್ಥವೂ ಇದೆ. ಹೋಟೆಲ್ ಪಟ್ಟಿಗಳಲ್ಲಿ ಈಚೆಗೆ ಕಾಣುವ ‘ಮಾಲಾ’ ಎಂದರೆ ಜೋಮು ಮತ್ತು ಖಾರ. ನಾಲಿಗೆಗೆ ಜೋಮು ಹಿಡಿಸುವ ಸಿಚುವಾನ್ ಕಾಳು ನಮ್ಮ ಜುಮ್ಮನಕಾಯಿಯ, ಕೊಂಕಣಿಗರ ತೆಫಳದ, ಹತ್ತಿರದ ಬಂಧು.

ಅಮ್ಮನ ವಿಷಯಕ್ಕೆ ಬರೋಣ, ಜಗಳ ಶುರುವಾದದ್ದು ಅಲ್ಲಿ ತಾನೇ. ಹಿಂದಿಯ ‘ಮಾಂ’ ಸಂಸ್ಕೃತದ ‘ಮಾತಾ’ ಸವೆದು, ಪ್ರಾಕೃತದಲ್ಲಿ ನಡುವಿನ ‘ತ’ ಬಿದ್ದು, ಉಳಿದ ರೂಪ. ಇಂಗ್ಲಿಷಿನ ‘ಮದರ್’ ಇದರ ನಿಜವಾದ ನೆಂಟ. ಚೀನೀ, ಕೊರಿಯನ್, ಸ್ವಾಹಿಲಿಗಳ ಅಮ್ಮಂದಿರು ನೆಂಟರಲ್ಲ. ಹಾಗಿದ್ದರೆ ಎಲ್ಲೆಡೆ ‘ಮ’ ಯಾಕೆ? ಜಾರ್ಜ್ ಮರ್ಡಾಕ್ ಎಂಬ ಮಾನವಶಾಸ್ತ್ರಜ್ಞರು ಜಗತ್ತಿನ ನಾನಾ ಭಾಷೆಗಳಿಂದ ಅಪ್ಪ, ಅಮ್ಮ ಎಂಬ ಅರ್ಥದ ಸಾವಿರಕ್ಕೂ ಹೆಚ್ಚು ಪದ ಕೂಡಿಸಿ 1959ರಲ್ಲಿ ಪ್ರಕಟಿಸಿದರು. ಅಮ್ಮ ಎಂಬ ಪದಗಳಲ್ಲಿ 55 ಶೇಕಡದಷ್ಟರಲ್ಲಿ ‘ಮ’, ‘ನ’ದಂಥ ಮೂಗಿನ ವ್ಯಂಜನಗಳಿದ್ದವು; ಅಪ್ಪ ಎಂಬ ಪದಗಳಲ್ಲಿ ಅವು 15 ಶೇಕಡ ಮಾತ್ರ. ಇದಕ್ಕೆ ಕಾರಣ ವಿವರಿಸಿದವರು ರೋಮನ್ ಯಾಕೊಬ್ಸನ್ ಎಂಬ ಭಾಷಾವಿಜ್ಞಾನಿ. ಮೊಲೆಯುಣ್ಣುವಾಗ ಮಗುವಿನ ಬಾಯಿ ಮುಚ್ಚಿರುತ್ತದೆ, ಆಗ ದನಿ ಹೊರಡಲು ಉಳಿದ ದಾರಿ ಮೂಗೊಂದೇ; ‘ಮ್‌ಮ್’ ಎಂಬ ಗುಂಯ್‌ಗುಡುವಿಕೆ ಹುಟ್ಟುತ್ತದೆ. ಆಮೇಲೆ ಹಸಿದಾಗ ಅದೇ ಸದ್ದು, ಬಾಯಿ ತೆರೆದರೆ ‘ಮಾ’. ಮಗು ಊಟ ಕೇಳುತ್ತದೆ, ಅಮ್ಮ ‘ನನ್ನನ್ನೇ ಕರೆಯಿತು’ ಎಂದು ಹಿಗ್ಗುತ್ತಾಳೆ. ಇದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಎಳೆಮಕ್ಕಳಿಗೆ ಊಟ ಮಾಡಿಸುವಾಗ ನಾವು ಹೇಳುವುದು ‘ಮಮ್ಮು’. ಲ್ಯಾಟಿನ್ನಿನಲ್ಲಿ ‘ಮಮ್ಮ’ ಎಂದರೆ ಮೊಲೆ. ಊಟ, ಎದೆ, ತಾಯಿ, ಮೂರೂ ಅದೇ ಸದ್ದಿನ ಸುತ್ತ.

ಸದ್ದು ಮಗುವಿನದು, ಅರ್ಥ ಹಚ್ಚುವವರು ದೊಡ್ಡವರು. ಆದ್ದರಿಂದ ಅದು ಯಾವಾಗಲೂ ಅಮ್ಮನ ಪಾಲಿಗೇ ಬೀಳಬೇಕೆಂದಿಲ್ಲ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ಅಪ್ಪ, ‘ದೇದಾ’ ಅಮ್ಮ. ಅಷ್ಟು ದೂರ ಯಾಕೆ, ಮಂಗಳೂರಿಗೆ ಬನ್ನಿ. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಕನ್ನಡಕ್ಕೆ ಕನ್ನಡಿ ಹಿಡಿದ ಹಾಗೆ ತಿರುವುಮುರುವು, ಅದೂ ಒಂದೇ ಕುಟುಂಬದ ಭಾಷೆಯಲ್ಲಿ, ಒಂದೇ ರಾಜ್ಯದೊಳಗೆ. 10ನೆಯ ಶತಮಾನದಲ್ಲಿ ವೆಂಗಿಯನ್ನು ಆಳಿದ ಪೂರ್ವ ಚಾಲುಕ್ಯ ಅರಸರಲ್ಲಿ ‘ಅಮ್ಮ’ ಎಂಬ ಹೆಸರಿನವರು ಇಬ್ಬರಿದ್ದಾರೆ, ಇಬ್ಬರೂ ಗಂಡಸರು. ಹೀಗಾಗಿ ಅಪ್ಪ, ಅಮ್ಮ, ಮಾಮ, ಅಜ್ಜಿ, ತಾತ ಮೊದಲಾದ ತೊಟ್ಟಿಲ ಪದಗಳನ್ನು ಭಾಷೆಗಳ ನಂಟಿಗೆ ಸಾಕ್ಷಿಯಾಗಿ ಯಾವ ಭಾಷಾವಿಜ್ಞಾನಿಯೂ ಕೂರಿಸುವುದಿಲ್ಲ. ಕೊರಿಯನ್ ಧಾರಾವಾಹಿಯ ಅಪ್ಪ, ಅಮ್ಮ ಮೊದಲ ಸುತ್ತಿನಲ್ಲೇ ಹೊರಗೆ.

‘ಬೇಡ, ಇಲ್ಲ’ ಎಂಬ ‘ಮಾ’ ಇದಕ್ಕಿಂತ ದೊಡ್ಡ ಬೋನು. ಸಂಸ್ಕೃತದಲ್ಲಿ ‘ಮಾ’ ಎಂದರೆ ಬೇಡ ಎಂದೆವು. ಬರ್ಮೀ ಭಾಷೆಯಲ್ಲಿ ಕ್ರಿಯಾಪದದ ಮುಂದೆ ‘ಮ’ ಬಂದರೆ ನಿಷೇಧ. ಟಿಬೆಟನ್ನಿನಲ್ಲೂ ‘ಮ’; ಬೈಲುಕುಪ್ಪೆಯ ಕಡೆಯವರಿಗೆ ಇದನ್ನು ಕಿವಿಯಾರೆ ಕೇಳಲು ಕಷ್ಟವಿಲ್ಲ. ತುರ್ಕಿಯಲ್ಲಿ ‘ಯಪ್’ ಎಂದರೆ ಮಾಡು, ‘ಯಪ್ಮಾ’ ಎಂದರೆ ಮಾಡಬೇಡ. ಅರಬ್ಬಿಯಲ್ಲೂ ‘ಮಾ’ ಎಂದರೆ ಇಲ್ಲ. ಐದು ಭಾಷೆ, ಒಂದೇ ಸದ್ದು, ಒಂದೇ ಅರ್ಥ! ವಾಟ್ಸಾಪಿನವರ ಕೈಗೆ ಇದು ಸಿಕ್ಕಿಲ್ಲದಿರುವುದೇ ಆಶ್ಚರ್ಯ. ಬಿಡಿಸಿ ನೋಡಿದರೆ ಇದು ನಾಲ್ಕು ಪ್ರತ್ಯೇಕ ಕಥೆ. ಸಂಸ್ಕೃತದ್ದು ಹಳೆಯ ಗ್ರೀಕಿನ ‘ಮೇ’ಗೆ ಸೋದರ, ಹಳೆಯ ಪಾರಸಿಯಲ್ಲೂ ‘ಮಾ’ ಇತ್ತು, ಫಾರಸಿ ಕಾವ್ಯದ ‘ಮಕುನ್’ (ಮಾಡಬೇಡ) ಅದರದೇ ಉಳಿಕೆ. ಬರ್ಮೀ, ಟಿಬೆಟನ್ ತಮ್ಮೊಳಗೆ ನೆಂಟರು, ಸಂಸ್ಕೃತಕ್ಕಲ್ಲ. ತುರ್ಕಿಯದು ಬಿಡಿಪದವೇ ಅಲ್ಲ, ಪ್ರತ್ಯಯ. ಅದರಲ್ಲೂ ಒತ್ತು ‘ಯಪ್’ ಮೇಲೆ ಬಿದ್ದರೆ ‘ಮಾಡಬೇಡ’, ‘ಮಾ’ ಮೇಲೆ ಬಿದ್ದರೆ ‘ಮಾಡುವಿಕೆ’. ಒತ್ತು ಜಾರಿದರೆ ಅರ್ಥ ಉಲ್ಟಾ. ಅರಬ್ಬಿಯ ‘ಮಾ’ಕ್ಕೆ ಮೂಲ ಅರ್ಥ ‘ಏನು’. ‘ಇಲ್ಲ’ ಎಂಬ ಅರ್ಥ ಅದರಿಂದಲೇ ಚಿಗುರಿತು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ‘ಅವನಿಗೇನು ಗೊತ್ತು!’ ಎಂದು ನಾವು ಹೇಳಿದರೆ ‘ಏನೂ ಗೊತ್ತಿಲ್ಲ’ ಎಂದೇ ಅರ್ಥವಾಗುವ ಹಾಗೆ. ತಮಾಷೆಯೆಂದರೆ ಚೀನೀ ಪ್ರಶ್ನೆಯ ‘ಮ’ ಕೂಡ ವೇಷ ಮರೆಸಿದ ‘ಇಲ್ಲ’. ಹಳೆಯ ಚೀನೀಯಲ್ಲಿ ವಾಕ್ಯದ ಕೊನೆಗೆ ‘ಇಲ್ಲ’ ಎಂಬ ಪದ ಹಚ್ಚಿ ಪ್ರಶ್ನೆ ಮಾಡುತ್ತಿದ್ದರು, ನಾವು ‘ಬರ್ತೀಯೋ ಇಲ್ವೋ’ ಎನ್ನುವಂತೆ. ಸವೆದು ಅದು ಈ ‘ಮ’ ಆಯಿತು.

ಹಾಗಾದರೆ ನಿಜವಾದ ನಂಟು ಎಲ್ಲೂ ಇಲ್ಲವೆ? ಇದೆ, ಮೂರು ಕಡೆ ನೋಡಿ. ಚೀನೀ ಕುದುರೆ, ಥಾಯ್ ಕುದುರೆ, ವಿಯೆಟ್ನಾಮಿನ ಕುದುರೆ ಒಂದೇ ಲಾಯದವು. ಚೀನೀಯಿಂದ ಉಳಿದ ಎರಡಕ್ಕೆ ಹೋದವು. ಗೊತ್ತಾಗುವುದು ಹೇಗೆ ಎಂದರೆ, ಸದ್ದು ಕೂಡುತ್ತದೆ ಎಂಬುದರಿಂದಲ್ಲ, ದನಿ ಕ್ರಮವಾಗಿ ಕೂಡುತ್ತದೆ ಎಂಬುದರಿಂದ. ಚೀನೀಯಲ್ಲಿ ಕುದುರೆ, ಐದು, ಒಂಬತ್ತು ಮೂರೂ ಒಂದೇ ಇಳಿದೇರುವ ದನಿಯ ಪದಗಳು. ಥಾಯ್ ಬರಹದಲ್ಲಿ ಕುದುರೆಗೆ ‘ಮಾ’, ಐದಕ್ಕೆ ‘ಹಾ’, ಒಂಬತ್ತಕ್ಕೆ ‘ಕಾವ್’. ಮೂರರ ತಲೆಯ ಮೇಲೂ ‘ಮೈ ಥೋ’ ಎಂಬ ಒಂದೇ ದನಿಗುರುತು. ‘ಬರು’ ಎಂಬ ಥಾಯ್ ‘ಮಾ’ದ ತಲೆ ಖಾಲಿ. ಇಂಥ ಸಾಲು ಸಿಕ್ಕಿದರೆ ಸಾಕ್ಷಿ.

ಎರಡನೆಯದು ಮಾರ. ಬುದ್ಧನನ್ನು ಕೆಣಕಿದ ಮಾರ, ನಮ್ಮ ಕಾವ್ಯಗಳ ಮನ್ಮಥ. ಬೌದ್ಧ ಗ್ರಂಥಗಳನ್ನು ಚೀನೀಗೆ ತಂದವರು ಈ ಹೆಸರನ್ನು ಎರಡು ಅಕ್ಷರದಲ್ಲಿ ಬರೆದರು, ಆಮೇಲೆ ಮೊದಲನೆಯದೊಂದೇ ಉಳಿಯಿತು. ಆ ಅಕ್ಷರದಲ್ಲಿ ಸದ್ದಿಗಾಗಿ ನಿಂತಿರುವುದು ನಾರುಗಿಡದ ‘ಮಾ’, ಅರ್ಥಕ್ಕಾಗಿ ಅದರ ಕೆಳಗೆ ‘ಭೂತ’. ಇಂದಿನ ಚೀನೀಯಲ್ಲಿ ಅದು ‘ಮೊ’. ವಿಯೆಟ್ನಾಮಿನ ಓದು ‘ಮಾ’, ಜಪಾನಿನ ಓದು ‘ಮ’. ಜಪಾನಿ ಚಿತ್ರಕಥೆಗಳಲ್ಲಿ ರಾಕ್ಷಸನಿಗೆ ಹೇಳುವ ‘ಅಕುಮ’ದ ಕೊನೆಯಲ್ಲಿರುವುದು ನಮ್ಮ ಮಾರನೇ. ಮೂರನೆಯದು ಮಾವು. ‘ಮಾ’ ಮತ್ತು ‘ಕಾಯ್’ ಸೇರಿ ತಮಿಳಿನ ಮಾಂಗಾಯ್, ಮಲಯಾಳದ ಮಾಙ್ಙ. ಕೇರಳದ ಕರಾವಳಿಗೆ ಬಂದ ಪೋರ್ಚುಗೀಸರ ಬಾಯಲ್ಲಿ ‘ಮಾಂಗ’, ಅಲ್ಲಿಂದ ಇಂಗ್ಲಿಷಿನ ‘ಮ್ಯಾಂಗೋ’. ಗುಂಪಿನಲ್ಲಿ ದ್ರಾವಿಡದ ಪರ ನಿಂತವರಿಗೆ ಸಮಾಧಾನಕ್ಕೆ ಇದನ್ನು ಕೊಡಬಹುದು, ಸಂಸ್ಕೃತದವರಿಗೆ ಮಾರನನ್ನು.

ನೀವೇ ಪರೀಕ್ಷಿಸುವುದಾದರೆ ಮೊದಲು ಸದ್ದನ್ನು ಸರಿಯಾಗಿ ಹಿಡಿಯಿರಿ: ಹ್ರಸ್ವವೋ ದೀರ್ಘವೋ, ದನಿ ಯಾವುದು, ಒತ್ತು ಎಲ್ಲಿ. ಆಮೇಲೆ ಆ ಭಾಷೆಯಲ್ಲೇ ಪದದ ಹಳೆಯ ರೂಪ ಹುಡುಕಿ. ‘ಮಾರಾಯ’ನ ಹಿಂದೆ ‘ಮಹಾರಾಯ’ ಇದ್ದ ಹಾಗೆ ಅಲ್ಲಿ ಏನಿತ್ತು? ಕನ್ನಡಕ್ಕೆ ಕಿಟೆಲ್ ಕೋಶ (1894), ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು; ದ್ರಾವಿಡ ಭಾಷೆಗಳಿಗೆ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ; ಸಂಸ್ಕೃತದಿಂದ ಇಳಿದ ಭಾಷೆಗಳಿಗೆ ಟರ್ನರ್ ಕೋಶ. ಕೊನೆಯ ಎರಡು ಷಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮೂರನೆಯ ಹೆಜ್ಜೆಯೇ ಮುಖ್ಯ: ಒಂದು ಜೋಡಿ ಸಾಲದು, ಸಾಲು ಬೇಕು. ತಮಿಳಿನ ಪಾಲ್, ಪಲ್, ಪಗಲ್ ಎದುರಿಗೆ ಕನ್ನಡದ ಹಾಲು, ಹಲ್ಲು, ಹಗಲು ನಿಲ್ಲುತ್ತವೆ. ‘ಪ’ ಇದ್ದಲ್ಲೆಲ್ಲ ‘ಹ’. ಸಂಸ್ಕೃತದ ‘ಮಾ’ (ಬೇಡ), ‘ಮಾಸ’ (ತಿಂಗಳು), ‘ಧಾ’ (ಇಡು) ಎದುರಿಗೆ ಗ್ರೀಕಿನ ‘ಮೇ’, ‘ಮೇನ್’, ‘ಥೇ’. ಇಲ್ಲಿ ‘ಆ’ ಇದ್ದ ಕಡೆ ಅಲ್ಲಿ ದೀರ್ಘ ‘ಏ’. ನಿಜವಾದ ನೆಂಟರು ಹೆಚ್ಚಾಗಿ ಒಂದೇ ಥರ ಕಾಣುವುದಿಲ್ಲ, ಒಂದೇ ಥರ ಬೇರೆಯಾಗಿರುತ್ತಾರೆ.

ಸಾಲು ಯಾಕೆ ಬೇಕು ಎಂಬುದಕ್ಕೆ ಸಣ್ಣ ಲೆಕ್ಕ. 15 ವ್ಯಂಜನ, ಹ್ರಸ್ವ ದೀರ್ಘ ಸೇರಿ 10 ಸ್ವರ ಇರುವ ಭಾಷೆಯಲ್ಲಿ ‘ಮಾ’ದಂಥ ಅಕ್ಷರಗಳು 150. ‘ಕೈ’ ಎಂಬ ಅರ್ಥಕ್ಕೆ ಎಲ್ಲ ಭಾಷೆಗಳೂ ಇವುಗಳಲ್ಲಿ ಒಂದನ್ನು ಕಣ್ಣು ಮುಚ್ಚಿ ಎತ್ತಿಕೊಂಡವು ಅನ್ನಿ. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. 7,000ವನ್ನು 150ರಿಂದ ಭಾಗಿಸಿದರೆ 46ರ ಮೇಲೆ. ಅಂದರೆ ಏನೂ ನಂಟಿಲ್ಲದೆ 46 ಭಾಷೆಗಳಲ್ಲಿ ಕೈಗೆ ‘ಮಾ’ ಎನ್ನುತ್ತಿದ್ದರು. ಹ್ರಸ್ವ ದೀರ್ಘ ನೋಡುವುದಿಲ್ಲ ಎಂದರೆ 93. ‘ಕೈ, ತೋಳು, ಬೆರಳು ಯಾವುದಾದರೂ ಸರಿ’ ಎಂದು ಅರ್ಥವನ್ನೂ ಸಡಿಲ ಬಿಟ್ಟರೆ 280. ಪಟ್ಟಿ ಉದ್ದವಿದ್ದಷ್ಟೂ ನಂಬಿಕೆ ಹೆಚ್ಚುತ್ತದೆ, ಸಾಕ್ಷಿ ಮಾತ್ರ ಅಷ್ಟೇ ಇರುತ್ತದೆ.

ಇನ್ನು ಮಗಳ ನೋಟ್‌ಬುಕ್ಕು. ಕನ್ನಡ ಲಿಪಿಯಲ್ಲಿ ದನಿಗುರುತು ಇಲ್ಲದ್ದರಿಂದ ಬರಿಯ ‘ಮಾ’ ಎಂದು ಬರೆದಿಟ್ಟರೆ ಎರಡು ದಿನ ಬಿಟ್ಟು ಅವಳಿಗೇ ತಿಳಿಯುವುದಿಲ್ಲ. ಮಾ1 (ಅಮ್ಮ), ಮಾ2 (ನಾರುಗಿಡ), ಮಾ3 (ಕುದುರೆ), ಮಾ4 (ಬೈ) ಎಂದು ಅಂಕೆ ಹಚ್ಚಲಿ. ಚೀನೀ ಪಠ್ಯಗಳಲ್ಲೂ ದನಿಗಳ ಎಣಿಕೆ ಇದೇ ಕ್ರಮದಲ್ಲಿರುವುದರಿಂದ ಮುಂದೆ ಗೊಂದಲವಾಗದು. ಪ್ರಶ್ನೆಯ ‘ಮ’ಕ್ಕೆ ಅಂಕೆ ಬೇಡ, ದೀರ್ಘವೂ ಬೇಡ. ಒಂದೊಂದು ಪದವನ್ನು ಬಿಡಿಯಾಗಿ ಉರು ಹೊಡೆಯುವುದಕ್ಕಿಂತ ಎರಡೆರಡು ಪದ ಜೋಡಿಸಿ (ಮಾ1 ಮಾ4, ಮಾ4 ಮಾ3) ಹೇಳಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಪಾಠದ ದನಿಯ ಪಕ್ಕ ಇಟ್ಟು ಕೇಳಲಿ. ಸಾಲಾಗಿ ಓದುವಾಗ ಕೊನೆಯ ಪದ ತಾನಾಗಿ ಮೇಲೇಳುತ್ತಿದ್ದರೆ ಅದು ಕನ್ನಡದ ರಾಗ. ಅದನ್ನು ಮೊದಲು ತಿದ್ದಿಕೊಳ್ಳಲಿ, ಕುದುರೆಯ ಏರಿಳಿತ ಆಮೇಲೆ.